ಹಗೇವಿಗೆ ಬಡಿಸಿದ ಅನ್ನ

ನನ್ನ ಅತ್ತೆ ಪಾಪಮ್ಮ ಯಾರನ್ನೂ ಮುಖ ನೋಡಿ ಅಳೆದವಳಲ್ಲ. ಅವರು ಉಂಡು ಎದ್ದ ಎಲೆ ನೋಡಿ ಅಳೆಯುತ್ತಿದ್ದಳು. ನಂದಗುಡಿಗೆ ಒಂದು ಹರದಾರಿ ದೂರದ ನಮ್ಮ ಊರಿನಲ್ಲಿ ಮದುವೆಯಾಗಲಿ ತಿಥಿಯಾಗಲಿ, ಪಂಕ್ತಿ ಎದ್ದ ಮೇಲೆ ಎಂಜಲೆಲೆ ಎತ್ತುವುದು ನಮ್ಮ ಕೇರಿಯ ಪಾಲಿನ ಕೆಲಸ, ಅದರಲ್ಲೂ ನಮ್ಮತ್ತೆಯ ಕೆಲಸ. ಎಲೆಯ ಮೇಲೆ ಉಳಿದದ್ದೇ ಅದರ ಕೂಲಿ. ಇದನ್ನೆಲ್ಲ ಯಾಕೆ ಹೇಳಿಕೊಳ್ಳುತ್ತೀಯ ಎಂದು ನಮ್ಮ ಮನೆಯ ಹುಡುಗರು ಈಗ ನನ್ನ ಮೇಲೆ ರೇಗುತ್ತಾರೆ. ನನಗೆ ಯಾವ ನಾಚಿಕೆಯೂ ಇಲ್ಲ. ನಾಚಿಕೆಪಡಬೇಕಾಗಿದ್ದವರು ಬೇರೆಯವರು, ಅವರು ಪಡಲಿಲ್ಲ.

ಅತ್ತೆ ಎಲೆ ಎತ್ತುವಾಗ ನೋಡಬೇಕಿತ್ತು. ಸೊಂಟಕ್ಕೆ ಸೆರಗು ಬಿಗಿದು, ಬಗ್ಗಿದವಳು ಸಾಲು ಮುಗಿಯುವವರೆಗೆ ನೆಟ್ಟಗಾಗುತ್ತಿರಲಿಲ್ಲ. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಹೋಳಿಗೆಯ ನಡು ತಿಂದು ಅಂಚು ಬಿಟ್ಟವನು ಬೀಗರ ಕಡೆಯವನು, ಅವನ ಹೊಟ್ಟೆ ತಣ್ಣಗಿರಲಿ. ಉಪ್ಪನ್ನೂ ಬಿಡದೆ ಬಳಿದವನು ಊರಿನ ಲೇವಾದೇವಿಯವನು, ಅವನ ಎಲೆಯನ್ನು ಇರುವೆಯೂ ಮೂಸುವುದಿಲ್ಲ. ಪಾಯಸ ಬಿದ್ದ ಅನ್ನದ ಮೇಲೆ ಚೊಂಬು ನೀರು ಸುರಿದು ಎಲೆಯಲ್ಲೇ ಕೈ ತೊಳೆದು ಎದ್ದವನನ್ನು ಕಂಡರೆ ಮಾತ್ರ ಅವಳ ಬಾಯಿ ಕೆಟ್ಟುಹೋಗುತ್ತಿತ್ತು. ತಾನೂ ತಿನ್ನಲಿಲ್ಲ, ಇನ್ನೊಬ್ಬರ ಬಾಯಿಗೂ ಮಣ್ಣು ಹಾಕಿದ ಎಂದು ಆ ಎಲೆಯನ್ನು ನೆಲಕ್ಕೆ ಕುಕ್ಕುತ್ತಿದ್ದಳು.

ಎಲೆ ಬರಿದು ಮಾಡಿ ಎದ್ದರೆ ಮನೆಯಲ್ಲಿ ಗತಿಯಿಲ್ಲದವನು ಅನ್ನಿಸಿಕೊಳ್ಳಬೇಕಾಗುತ್ತದೆ ಎಂದು ದೊಡ್ಡ ಜಾತಿಯ ಮಂದಿ ಎಲೆಯಲ್ಲಿ ಒಂದಿಷ್ಟು ಬಿಟ್ಟೇ ಏಳುತ್ತಿದ್ದರು. ಬಡಿಸುವವರೂ ಅಷ್ಟೆ, ಬೇಡ ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಸುರಿಯುತ್ತಿದ್ದರು. ಚೆಲ್ಲುವುದೇ ಅವರ ಮರ್ಯಾದೆ, ನಮ್ಮ ಹೊಟ್ಟೆ ಆ ಮರ್ಯಾದೆಯ ಮೇಲೆ ನಿಂತಿತ್ತು. ಅತ್ತೆ ಒಳ್ಳೆಯ ಎಲೆಗಳನ್ನು ಬೇರೆ ಮಾಡಿ, ಅನ್ನ ಬಿಡಿಸಿ, ಮೂರು ನೀರಿನಲ್ಲಿ ತೊಳೆದು, ಬಂಡೆಯ ಮೇಲೆ ಒಣಗಿಸಿ ಮಡಕೆಗೆ ತುಂಬಿಡುತ್ತಿದ್ದಳು. ಆಷಾಢದಲ್ಲಿ ಅದನ್ನು ಕುದಿಸಿ ಉಪ್ಪು ಮೆಣಸಿನಕಾಯಿ ಹಾಕಿದರೆ ಅದೇ ನಮಗೆ ಹಬ್ಬ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಮೂಗು ಮುರಿದೆ. ಅತ್ತೆ ಬೈಯಲಿಲ್ಲ, ನಗುತ್ತ ತಟ್ಟೆಯನ್ನು ನನ್ನ ಮುಂದಿನಿಂದ ಎಳೆದುಕೊಂಡು ತಾನೇ ಉಂಡಳು. ಮಾರನೆಯ ದಿನ ನಾನೂ ಉಂಡೆ.

ನಾನು ಹೇಳಹೊರಟದ್ದು ಸಾವಿರದ ಒಂಬೈನೂರ ನಲವತ್ತಾರನೆಯ ಇಸವಿಯ ಮಾತು. ಯುದ್ಧ ಮುಗಿದಿತ್ತು, ಆದರೆ ಬೆಳೆದವರ ಮನೆಯಿಂದ ರಾಗಿಯನ್ನು ಲೆವಿ ಎಂದು ಎತ್ತಿಕೊಂಡು ಹೋಗುವುದು ನಿಂತಿರಲಿಲ್ಲ. ನಮ್ಮಂಥವರಿಗೆ ಕಂಟ್ರೋಲ್ ಅಂಗಡಿಯ ಹುಳು ಹಿಡಿದ ಜೋಳ, ಅದೂ ಸಿಕ್ಕ ದಿನ ಸಿಕ್ಕಿತು. ಆ ಕಾಲದಲ್ಲಿ ಒಬ್ಬ ಸಾಹೇಬರು ಊರಿಗೆ ಬಂದು, ಕೇರಿಯ ಬಾಯಲ್ಲಿ ನಿಂತು, ಆಹಾರ ದಂಡ ಮಾಡಬೇಡಿ, ಅಡಿಗೆ ಮಿಗಿಸಬೇಡಿ ಎಂದು ನಮಗೆ ಬುದ್ಧಿ ಹೇಳಿ ಹೋದರು. ನಮಗೆ! ಅವರು ಹೋದ ಮೇಲೆ ಅತ್ತೆ ಒಲೆಯ ಮೇಲಿದ್ದ ಖಾಲಿ ಮಡಕೆಯನ್ನು ಬೋರಲು ಹಾಕಿ, ಇವತ್ತು ಏನೂ ಮಿಗಿಸಿಲ್ಲ ಎಂದು ಹೇಳಿ ಬರಲೇ ಎಂದು ಕೇಳಿ ಕೇರಿಯವರನ್ನೆಲ್ಲ ನಗಿಸಿದಳು.

ಅದೇ ಹೊತ್ತಿಗೆ ಮದುವೆ ಊಟಕ್ಕೂ ಕಟ್ಟು ಬಂತು. ಇಷ್ಟು ಮಂದಿಗಿಂತ ಹೆಚ್ಚಿಗೆ ಊಟ ಹಾಕುವ ಹಾಗಿಲ್ಲ, ಹಾಕಿದರೆ ಕೇಸು. ಕಟ್ಟು ಬಂದ ಮಾತ್ರಕ್ಕೆ ಊಟ ನಿಲ್ಲುತ್ತದೆಯೇ? ಮದುವೆಗಳು ಹಾಗೇ ನಡೆದವು, ಬಚ್ಚಿಡುವುದೊಂದು ಹೊಸದಾಗಿ ಸೇರಿಕೊಂಡಿತು. ಪಕ್ಕದ ಊರಿನಲ್ಲಿ ಮದುವೆ ಉಂಡ ನೆಂಟನೊಬ್ಬ ಹೋಳಿಗೆಯನ್ನು ಮುತ್ತುಗದ ಎಲೆಯಲ್ಲಿ ಪೊಟ್ಟಣ ಕಟ್ಟಿಕೊಂಡು ಹೊಸಕೋಟೆಯ ಬಸ್ಸು ಹತ್ತಿದ್ದನಂತೆ. ಎಲೆಯಿಂದ ತುಪ್ಪ ಜಿನುಗಿ ಪಕ್ಕದಲ್ಲಿ ಕೂತವರ ಪಂಚೆಗೆ ಹತ್ತಿತು. ಕೂತವರು ಸರ್ಕಾರದ ಕಡೆಯವರು. ಪೊಟ್ಟಣ ಹಿಡಿದುಕೊಂಡೇ ಮದುವೆ ಮನೆಯವರೆಗೂ ಬಂದರು ಎಂದು ಸುದ್ದಿ. ನಿಜವೋ ಸುಳ್ಳೋ, ಅಂದಿನಿಂದ ಸುತ್ತಿನ ದೊಡ್ಡವರಿಗೆ ಎಲೆ ಪೊಟ್ಟಣ ಕಂಡರೆ ಹಾವು ಕಂಡ ಹಾಗೆ ಆಗುತ್ತಿತ್ತು. ಮೊದಲೆಲ್ಲ ಬುತ್ತಿ ಕಟ್ಟಿ ಕೊಡದಿದ್ದರೆ ಮದುವೆ ಮಾಡಿದ್ದೇ ದಂಡ ಅನ್ನುತ್ತಿದ್ದವರು, ಈಗ ಕೈಯಲ್ಲಿ ಎಲೆ ಹಿಡಿದವರನ್ನು ಬಾಗಿಲಲ್ಲೇ ತಡೆಯತೊಡಗಿದರು.

ನಮ್ಮೂರ ದೊಡ್ಡಮನೆಯ ಯಜಮಾನ ವೆಂಕಟರಾಯಪ್ಪ. ನನ್ನ ಗಂಡ ಮುನಿಶಾಮಪ್ಪ ಅವರ ಮನೆಯಲ್ಲೇ ಜೀತಕ್ಕಿದ್ದ. ವೆಂಕಟರಾಯಪ್ಪ ತಮ್ಮ ಮಗಳನ್ನು ಸಮೇತನಹಳ್ಳಿಯ ಹುಡುಗನಿಗೆ ಕೊಟ್ಟು ಮದುವೆ ಗೊತ್ತು ಮಾಡಿದರು. ಆ ಸುದ್ದಿ ಬಂದ ದಿನ ಅತ್ತೆ ದೇವರಿಗೆ ಕೈ ಮುಗಿದಳು, ಯಾಕೆಂದರೆ ನಾನು ಬಾಣಂತಿ. ಚೊಚ್ಚಲು ಹೆಣ್ಣು ಮಗು ಹುಟ್ಟಿತ್ತು, ನನ್ನ ಎದೆಯಲ್ಲಿ ಹಾಲಿರಲಿಲ್ಲ. ಜೋಳದ ಗಂಜಿ ಕುಡಿದವಳಿಗೆ ಹಾಲೆಲ್ಲಿಂದ ಬರಬೇಕು? ಮಗು ಬಾಯಿ ಹಚ್ಚುತ್ತಿತ್ತು, ಏನೂ ಸಿಗದೆ ಅಳುತ್ತಿತ್ತು, ಆಮೇಲಾಮೇಲೆ ಅಳುವುದನ್ನೂ ಬಿಟ್ಟಿತು. ಅಳುತ್ತಿದ್ದಾಗ ಇದ್ದ ಹೆದರಿಕೆಗಿಂತ ಅದು ಸುಮ್ಮನಾದಾಗಿನ ಹೆದರಿಕೆ ದೊಡ್ಡದು. ಅತ್ತೆ ಮಗುವಿನ ನೆತ್ತಿ ಮುಟ್ಟಿ ನೋಡುವಳು, ನೆತ್ತಿ ಗುಳಿ ಬಿದ್ದಿತ್ತು.

“ಮದುವೆ ಒಂದು ಬರ್ಲಿ ಕಣೇ ಅನ್ಸೂಯ. ತುಪ್ಪ ಬಿದ್ದ ಅನ್ನ ನಾಕು ತುತ್ತು ಒಳಕ್ಕೆ ಹೋದ್ರೆ ಹಾಲು ತಾನಾಗೇ ಇಳಿತೈತೆ. ಅಲ್ಲಿಗಂಟ ಕೂಸ್ನ ಉಳಿಸ್ಕೊಳಾನ,” ಎಂದಳು. ನಾವು ಆ ಮದುವೆಗಾಗಿ ಕಾದ ಹಾಗೆ ಮದುವೆ ಹೆಣ್ಣೂ ಕಾದಿರಲಾರಳು.

ಇತ್ತ ವೆಂಕಟರಾಯಪ್ಪನಿಗೆ ಬೇರೆ ಚಿಂತೆ. ಅವರ ದಾಯಾದಿಯೊಬ್ಬ ಮದುವೆಯ ಮೇಲೆ ತಾಲ್ಲೂಕಿಗೆ ಅರ್ಜಿ ಹಾಕಿದ್ದಾನೆ, ಮದುವೆಯ ಮಾರನೆಯ ಬೆಳಿಗ್ಗೆ ಇನ್‌ಸ್ಪೆಕ್ಟರು ಬಂದು ಹಿತ್ತಲು ನೋಡುತ್ತಾರೆ ಎಂದು ಅವರಿಗೆ ಗೊತ್ತಾಗಿಹೋಗಿತ್ತು. ಎಷ್ಟು ಮಂದಿ ಉಂಡರು ಎಂಬುದಕ್ಕೆ ಎಂಜಲೆಲೆಗಿಂತ ಬೇರೆ ಸಾಕ್ಷಿ ಬೇಕೇ? ತಿಪ್ಪೆಗೆ ಹಾಕಿದರೆ ನಾಯಿ ಕಾಗೆ ಸೇರಿ ಊರಿಗೆಲ್ಲ ತೋರಿಸುತ್ತವೆ. ಸುಡೋಣವೆಂದರೆ ಹಸಿ ಎಲೆ ಹೊಗೆಯಾಡುತ್ತದೆ. ಕೊನೆಗೆ ಅವರಿಗೆ ಕೊಟ್ಟಿಗೆಯ ಹಿಂದಿದ್ದ ಹಳೆಯ ಹಗೇವು ನೆನಪಾಯಿತು.

ಹಗೇವು ಎಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಆಳು ಇಳಿಯುವಷ್ಟು ಕಿರಿದು, ಒಳಗೆ ಗುಡಾಣದ ಹಾಗೆ ಅಗಲ. ತುಂಬಿ, ಹುಲ್ಲು ಹಾಸಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆಯುವಾಗ ಮಾತ್ರ ಜೋಪಾನ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ, ದೀಪ ಉರಿದರೆ ಇಳಿಯಬೇಕು, ಆರಿದರೆ ಇಳಿಯಬಾರದು. ಮುಚ್ಚಿದ ರಾಗಿ ಉಸಿರು ಬಿಡುತ್ತದೆ, ಆ ಉಸಿರು ಮನುಷ್ಯನ ಉಸಿರು ಕಟ್ಟುತ್ತದೆ ಎಂದು ನಮ್ಮ ಕಡೆ ಎಲ್ಲರೂ ಬಲ್ಲರು. ಲೆವಿಗೆ ಕೊಟ್ಟು ಕೊಟ್ಟು ದೊಡ್ಡಮನೆಯ ಆ ಹಗೇವು ಅಂದು ಖಾಲಿಯಾಗಿತ್ತು.

ಚಪ್ಪರದ ದಿನ ರಾತ್ರಿಯ ಊಟದ ಎಲೆಗಳೆಲ್ಲ, ಅತ್ತೆಗೆ ಗೊತ್ತಾಗದ ಹಾಗೆ, ಅದಕ್ಕೆ ಬಿದ್ದವು. ಮಾರನೆಯ ದಿನ ಧಾರೆ ಮುಗಿದು ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ಅತ್ತೆ ಕುಕ್ಕೆ ಹೊತ್ತು ಹಿತ್ತಲಿಗೆ ಹೋದಾಗ ವೆಂಕಟರಾಯಪ್ಪನ ತಮ್ಮ ರಾಮಾಂಜಿನಪ್ಪ ದೊಣ್ಣೆ ಹಿಡಿದು ನಿಂತಿದ್ದ. ಎತ್ತಿದ ಎಲೆ ನೇರ ಹಗೇವಿಗೆ, ಒಂದು ಕಡ್ಡಿ ಆಚೆ ಹೋಗಕೂಡದು ಎಂದ. ಅತ್ತೆ ಮೊದಲು ತಮಾಷೆ ಎಂದುಕೊಂಡಳು. ಆಮೇಲೆ ಎತ್ತಿ ಎತ್ತಿ ಸುರಿದಳು. ಪಾಯಸ, ಹೋಳಿಗೆ, ಕೋಸಂಬರಿ, ತುಪ್ಪದಲ್ಲಿ ಕಲಸಿಟ್ಟ ಅನ್ನ. ಯಾವ ಎಲೆಯಲ್ಲಿ ಏನಿತ್ತು ಎಂದು ಆಮೇಲೆ ನನ್ನ ಹತ್ತಿರ ಒಂದೊಂದಾಗಿ ಹೇಳಿದಳು. ನನಗಾಗಿ ಒಂದು ಹೋಳಿಗೆಯನ್ನು ಮಡಿಲಿಗೆ ಸಿಕ್ಕಿಸಿಕೊಂಡಿದ್ದಳು. ರಾಮಾಂಜಿನಪ್ಪ ಅವಳ ಮಡಿಲು ಕೊಡವಿಸಿದ. ಬಿದ್ದ ಹೋಳಿಗೆಯನ್ನು ದೊಣ್ಣೆಯ ತುದಿಯಿಂದ ಹಗೇವಿಗೆ ತಳ್ಳಿದ. ಮೊಮ್ಮಗಳನ್ನು ಕಂಡ ಹೆಂಗಸಿನ ಮಡಿಲು ಬಿಚ್ಚಿಸಿದ ಅವನ ವಂಶ ಉದ್ಧಾರವಾಗಲಿ.

ಅತ್ತೆ ಅಡಿಗೆಮನೆಯ ಹಿಂಬಾಗಿಲಿಗೆ ಹೋಗಿ, ದೂರದಲ್ಲಿ ನಿಂತು, ಯಜಮಾನರ ಹೆಂಡತಿ ಅಮ್ಮಯಮ್ಮನನ್ನು ಕರೆದಳು.

“ಅಮ್ಮಾವ್ರೇ, ಎಂಜಲು ಬ್ಯಾಡ ಬುಡಿ. ಕೊಪ್ಪರಿಗೆ ತಳದ್ದು ಒಂದು ಬೊಗಸೆ ಕೊಡಿ. ಮನೇಲಿ ಬಾಣಂತಿ ಅವ್ಳೆ, ಕೂಸಿಗೆ ಹಾಲಿಲ್ಲ.”

ಅಮ್ಮಯಮ್ಮ ಕೆಟ್ಟವಳಲ್ಲ. ನನ್ನ ಹೆರಿಗೆಗೆ ಹಳೆಯ ಸೀರೆ ಕಳಿಸಿದ್ದಳು. ಅವಳ ಕಣ್ಣಲ್ಲಿ ನೀರು ಬಂತಂತೆ. ಕಣ್ಣೀರು ಬಂದರೂ ಕೈ ಮುಂದೆ ಬರಲಿಲ್ಲ.

“ಇವತ್ತೊಂದಿನ ತಡ್ಕೊಳೇ ಪಾಪಮ್ಮ. ನಿನ್ನ ಕೈಲಿ ಎಲೆ ಕಂಡ್ರೆ ಅವ್ರು ನನ್ನ ಸುಮ್ಕೆ ಬಿಡಲ್ಲ. ಇನ್‌ಸ್ಪೆಕ್ಟರು ಬಂದು ಹೋಗ್ಲಿ, ನಾನೇ ಕರ್ದು ಕೊಡ್ತೀನಿ.”

ಅತ್ತೆ ಬರಿಗೈಯಲ್ಲಿ ಮನೆಗೆ ಬಂದಳು. ಮಗುವನ್ನು ಎತ್ತಿಕೊಂಡು ಕೂತಳು. ನಾನು ಎಲ್ಲಿ ಅನ್ನ ಎಂದು ಕೇಳಿದೆ. ನಾಳೆ ಎಂದಳು. ನಾಳೆ ಎಂದರೆ ಆ ಮಗುವಿಗೆ ಎಷ್ಟು ದೂರ ಎಂದು ಇಬ್ಬರಿಗೂ ಗೊತ್ತಿತ್ತು. ಹಿಂದಿನ ರಾತ್ರಿಯಿಂದ ಅದು ಕಣ್ಣು ಬಿಟ್ಟಿರಲಿಲ್ಲ.

ಹೊತ್ತು ಮುಳುಗಿದ ಮೇಲೆ ನನ್ನ ಗಂಡ ಬಂದ. ಅವನ ಬಾಯಿಂದಲೇ ಮಿಕ್ಕದ್ದು ತಿಳಿಯಿತು. ಕೇಸಿನ ಹೆದರಿಕೆಗೆ ಬೀಗರ ಕಡೆಯ ಗಾಡಿಗಳು ಅರ್ಧಕ್ಕರ್ಧ ಬಂದೇ ಇರಲಿಲ್ಲ. ಅವರಿಗೆಂದು ಬೇಯಿಸಿದ ಅನ್ನ ಹಾಗೇ ಉಳಿಯಿತು. ಬೆಳಿಗ್ಗೆ ಅಷ್ಟು ತಂಗಳನ್ನ ಮನೆಯಲ್ಲಿ ಕಂಡರೆ ಇನ್‌ಸ್ಪೆಕ್ಟರು ಸುಮ್ಮನಿರುತ್ತಾರೆಯೇ? ದನಗಳಿಗೆ ಹಾಕಿದರು. ಹೆಚ್ಚು ತಿಂದರೆ ಎತ್ತಿನ ಹೊಟ್ಟೆ ಉಬ್ಬರಿಸುತ್ತದೆ ಎಂದು ಯಜಮಾನರೇ ಬಂದು ನಿಲ್ಲಿಸಿದರು. ಎತ್ತಿನ ಹೊಟ್ಟೆಯ ಮೇಲೆ ಅವರಿಗೆ ಅಷ್ಟು ನಿಗಾ. ಉಳಿದದ್ದನ್ನು ಕುಕ್ಕೆಗಳ ಸಮೇತ ಹಗೇವಿಗೆ ಇಳಿಸಿದರು. ಇಳಿಸಿದವನು ನನ್ನ ಗಂಡನೇ. ಅಡಿಗೆಯವರು ಅಭ್ಯಾಸಬಲದಿಂದ ಕುಕ್ಕೆಗೆ ಬಾಳೆಲೆ ಹಾಸಿ, ಅನ್ನ ತುಂಬಿ, ಮೇಲೂ ಎಲೆ ಮುಚ್ಚಿದ್ದರಂತೆ. ಯಾರೂ ಮುಟ್ಟದ, ಎಂಜಲಲ್ಲದ ಬಿಳಿ ಅನ್ನ.

ಅತ್ತೆ ಅದು ಮೇಲಿದೆಯೋ ಅಡಿಯಲ್ಲಿದೆಯೋ ಎಂದು ಕೇಳಿದಳು. ಮೇಲೇ ಇದೆ, ಹಗೇವು ಕತ್ತಿನವರೆಗೂ ತುಂಬಿಲ್ಲ, ಚಪ್ಪಡಿ ಎಳೆದಿದ್ದೇವೆ, ಮಣ್ಣು ಮೆತ್ತುವುದು ಬೆಳಿಗ್ಗೆ ಎಂದ. ಹೇಳಿದ ಮೇಲೆ ಅವನಿಗೆ ತಾಯಿಯ ಮನಸ್ಸು ಹೊಳೆಯಿತು. ಹಗೇವು ಕಣವ್ವ, ಒಳಗೆ ಗಾಳಿ ಕೆಟ್ಟಿರುತ್ತದೆ ಎಂದು ತಡೆದ.

“ಅದು ರಾಗಿ ಬಿಡೋ ಉಸಿರು ಕಣೋ. ರಾಗೀನೇ ಇಲ್ಲ, ಇನ್ನು ಉಸಿರು ಎಲ್ಲಿಂದ ಬಂತು? ಹಗಲೆಲ್ಲ ಬಾಯಿ ತಕ್ಕೊಂಡಿತ್ತು, ಗಾಳಿ ಆಡೈತೆ.”

ಅವನು ಮತ್ತೆ ತಡೆಯಲಿಲ್ಲ. ನಾನೂ ಬೇಡ ಎನ್ನಲಿಲ್ಲ. ಬಯ್ಯುವವರು ಬಯ್ಯಲಿ, ನಮ್ಮ ಊರಿನಲ್ಲಿ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ಹಗೇವಿನ ವಿಷ ರಾಗಿಯದು ಎಂದೇ ಹುಟ್ಟಿದಾಗಿನಿಂದ ಕೇಳಿದ್ದೆವು. ಬೇಯಿಸಿದ ಅನ್ನ, ಎಲೆಯಲ್ಲಿ ಬಿಟ್ಟ ಪಾಯಸ, ಹಸಿ ಎಲೆ, ಇವೆಲ್ಲ ಒಂದರ ಮೇಲೊಂದು ಬಿದ್ದು ಮುಚ್ಚಿದ ಗುಂಡಿಯಲ್ಲಿ ಹುಳಿ ಬಂದರೂ ಅದೇ ಉಸಿರು ಬಿಡುತ್ತವೆ ಎಂದು ನಮಗೆ ಹೇಗೆ ಗೊತ್ತಾಗಬೇಕು? ಹಗೇವಿಗೆ ಅನ್ನ ಸುರಿದವರನ್ನು ನಮ್ಮ ತಲೆಮಾರಿನಲ್ಲಿ ಯಾರೂ ಕಂಡಿರಲಿಲ್ಲ.

ಮೊದಲ ಕೋಳಿ ಕೂಗಿದ ಮೇಲೆ ಅತ್ತೆ ಎದ್ದಳು. ಸೂರಿಗೆ ಸಿಕ್ಕಿಸಿದ್ದ ಮುತ್ತುಗದ ಎಲೆಗಳನ್ನು ತೆಗೆದುಕೊಂಡಳು. ನಾನು ಎಚ್ಚರವಾಗಿದ್ದೆ. ಮಗುವಿನ ಕೆನ್ನೆ ಮುಟ್ಟಿ, ಬಂದೆ ಇರು ಎಂದು ಹೋದಳು. ಬೆಳಕಾದರೂ ಬರಲಿಲ್ಲ.

ಕೊಟ್ಟಿಗೆ ಕೆಲಸಕ್ಕೆ ಹೋದ ನನ್ನ ಗಂಡ ಚಪ್ಪಡಿ ಸರಿದಿರುವುದನ್ನು ಕಂಡ. ಒಳಗೆ ಕೂಗಿದ. ಲಾಂದ್ರ ಇಳಿಸಿದ, ಆರಿತು. ಆಗ ಅವನು ಹಾಕಿದ ಕೂಗು ಕೇರಿಯಲ್ಲಿದ್ದ ನನಗೂ ಕೇಳಿಸಿತು. ಮಗುವನ್ನು ಎದೆಗೆ ಕಟ್ಟಿಕೊಂಡು ಹೇಗೆ ಓಡಿದೆನೋ ಕಾಣೆ. ಕೆಟ್ಟ ಗಾಳಿ ಕಳೆಯಲೆಂದು ಆಳುಗಳು ಕೊಡ ಕೊಡ ನೀರು ಸುರಿಯುತ್ತಿದ್ದರು, ಹೊಂಗೆ ಸೊಪ್ಪಿನ ಕಂತೆಗೆ ಹಗ್ಗ ಕಟ್ಟಿ ಒಳಗೆ ಇಳಿಸಿ ಎತ್ತಿ ಗಾಳಿಯಾಡಿಸುತ್ತಿದ್ದರು. ಆಮೇಲೆ ಒಬ್ಬ ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಂಡು ಇಳಿದು ಅವಳ ತೋಳಿಗೆ ಹಗ್ಗ ಬಿಗಿದ. ಅತ್ತೆ ಮೇಲೆ ಬಂದಳು. ಮೈಯೆಲ್ಲ ಅನ್ನದ ಅಗುಳು. ನಿಂತಿದ್ದಾಗ ತಲೆಗೆ ಗಾಳಿ ಸಿಕ್ಕಿರಬೇಕು, ಇನ್ನೊಂದು ಬೊಗಸೆಗೆ ಬಗ್ಗಿದಾಗ ಕೆಟ್ಟ ಗಾಳಿಯೊಳಗೆ ಮುಳುಗಿದಳು ಎಂದು ಇಳಿದವನು ಹೇಳಿದ.

ವೆಂಕಟರಾಯಪ್ಪ ಹೆಗಲ ಮೇಲೆ ಹೊಸ ಶಲ್ಯ ಹೊದ್ದು ನಿಂತಿದ್ದರು. ಸತ್ತವಳನ್ನು ನೋಡಿದರು, ಆಮೇಲೆ ರಸ್ತೆಯ ಕಡೆ ನೋಡಿದರು.

“ಲೇ ಮುನಿಶಾಮ, ಹಿಂದಿನ ಹೊಲದಾಗಿಂದ ಎತ್ಕೊಂಡು ಹೋಗಿ. ಜ್ವರ ಬಂದು ಹೋದ್ಲು ಅನ್ನಿ. ಬೇಗ, ಅವ್ರು ಬರೋ ಹೊತ್ತಾಯ್ತು.”

ನನ್ನ ಗಂಡ ತಾಯಿಯ ಕಾಲು ಹಿಡಿದುಕೊಂಡು ಕೂತಿದ್ದವನು ತಲೆಯಾಡಿಸಿದ. ಹೂಂ ಬುದ್ಧಿ ಎಂದ. ಆ ಹೂಂ ಈಗಲೂ ನನ್ನ ಹೊಟ್ಟೆ ಉರಿಸುತ್ತದೆ. ಜೀತದವನು ಇನ್ನೇನು ಅಂದಾನು ಎಂದು ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ, ಸಮಾಧಾನವಾಗುವುದಿಲ್ಲ. ನಾವು ಹೊಲದ ಬದುವಿನ ಮೇಲೆ ಹೆಣ ಹೊತ್ತು ಹೋಗುತ್ತಿದ್ದಾಗಲೇ ಹಿಂದೆ ಹಗೇವಿಗೆ ಮಣ್ಣು ಎಳೆಯುವ ಸದ್ದು ಕೇಳಿಸುತ್ತಿತ್ತು.

ಇನ್‌ಸ್ಪೆಕ್ಟರು ಬಂದರು. ಹಿತ್ತಲು ನೋಡಿದರು, ತಿಪ್ಪೆ ನೋಡಿದರು. ಎಲ್ಲ ಚೊಕ್ಕಟ. ಇಷ್ಟು ಹಿಡಿತದಲ್ಲಿ ಮದುವೆ ಮಾಡಿದವರನ್ನು ನೋಡಿ ಮಿಕ್ಕವರು ಕಲಿಯಬೇಕು ಎಂದು ಹೊಗಳಿದರಂತೆ. ಕೇರಿಯ ಅಳು ಕೇಳಿ ಏನದು ಎಂದರಂತೆ. ಯಾರೋ ಮುದುಕಿ, ಜ್ವರ ಎಂದು ಉತ್ತರ ಸಿಕ್ಕಿತು. ಪಾಪ ಎಂದು ಮಜ್ಜಿಗೆ ಕುಡಿದು ಹೋದರು.

ಮನೆಯ ಮುಂದೆ ನಾನೂ ಕೇರಿಯ ಹಿರಿಯಳು ದ್ಯಾವಮ್ಮನೂ ಅತ್ತೆಗೆ ನೀರು ಹಾಕಲು ಕೂತೆವು. ಸೀರೆ ಸಡಿಲಿಸುವಾಗ ಸೊಂಟದ ಮಡಿಲಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು. ಮುತ್ತುಗದ ಎಲೆಯ ಪೊಟ್ಟಣ. ಎಲೆಯ ಮೇಲೆ ಎಲೆಯಿಟ್ಟು, ನಾಲ್ಕು ಕಡೆ ಮಡಿಚಿ, ಸೆರಗಿನ ಅಂಚಿನಿಂದ ದಾರ ಎಳೆದು ಕಟ್ಟಿದ್ದಳು. ಅಷ್ಟು ನೀರು ಸುರಿದಿದ್ದರೂ ಒಂದು ಹನಿ ಒಳಗೆ ಹೋಗಿರಲಿಲ್ಲ. ಬಿಚ್ಚಿದೆ. ಬಿಳಿ ಅನ್ನ. ದ್ಯಾವಮ್ಮ ನನ್ನ ಕೈ ಹಿಡಿದಳು. ಹೆಣದ ಮಡಿಲಿನದು, ಸೂತಕದ್ದು, ಬಾಣಂತಿ ಮುಟ್ಟಬಾರದು, ಆಚೆ ಎಸೆ ಎಂದಳು. ಸುತ್ತ ನಿಂತ ಹೆಂಗಸರೂ ಎಸೆ ಎಸೆ ಎಂದರು.

“ಅನ್ನ ಎಸೆಯಾಕೆ ನಂದೇನು ದೊಡ್ಡಮನೆಯಾ?” ಎಂದೆ.

ಅತ್ತೆಯ ಪಕ್ಕದಲ್ಲೇ ಕೂತು ತಿಂದೆ. ಅನ್ನ ತಣ್ಣಗಿತ್ತು, ಕೊಂಚ ಹುಳಿ ತಿರುಗಿತ್ತು. ನಡುನಡುವೆ ನೀರು ಕುಡಿದು ನುಂಗಿದೆ. ಹೆಂಗಸರು ಮುಖ ತಿರುಗಿಸಿಕೊಂಡರು, ದ್ಯಾವಮ್ಮ ಮಾತ್ರ ಅಲ್ಲೇ ಕೂತು ನನ್ನ ಬೆನ್ನು ನೀವಿದಳು. ಆಮೇಲೆ ಅತ್ತೆಯನ್ನು ಎತ್ತಿಕೊಂಡು ಹೋದರು. ಮಣ್ಣು ಮಾಡಿ ಗಂಡಸರು ಹಿಂದಿರುಗುವ ಹೊತ್ತಿಗೆ ನನ್ನ ಎದೆ ಬಿಗಿದು ರವಿಕೆ ಒದ್ದೆಯಾಗಿತ್ತು. ಮಗುವಿನ ಬಾಯಿಗೆ ಹಿಡಿದೆ. ಅದು ಕಣ್ಣು ಬಿಟ್ಟು ಕುಡಿಯಿತು.